ನರ್ಸರಿಯಿಂದ ಕೇಳಿದ ಪ್ರಶ್ನೆ

ನನ್ನ ನರ್ಸರಿಗೆ ರೈತರು ಬೀಜ ತಂದು ಕೊಡುತ್ತಾರೆ. ಪೊಟ್ಟಣ ಅವರದು, ಟ್ರೇ, ತೆಂಗಿನ ನಾರಿನ ಪುಡಿ, ನೀರು, ನೆರಳು ನನ್ನದು. ಸಸಿ ನಾಟಿಗೆ ಬಂದ ದಿನ ಅವರು ಬಂದು ಒಯ್ಯಬೇಕು. ಬೇಗ ಬಂದರೆ ಟ್ರೇಯ ಗುಳಿಯಿಂದ ಎತ್ತುವಾಗ ಬೇರು ಬಿಚ್ಚಿಕೊಳ್ಳುತ್ತದೆ. ತಡವಾಗಿ ಬಂದರೆ ಸಸಿ ಉದ್ದುದ್ದ ಬೆಳೆದು ಕತ್ತು ಬಗ್ಗಿಸುತ್ತದೆ, ನೆಟ್ಟರೂ ಸರಿಯಾಗಿ ಏಳುವುದಿಲ್ಲ. ಹಾಗಾಗಿ ನನ್ನ ಕಸುಬಿನಲ್ಲಿ ಬೆಳೆಸುವುದು ಅರ್ಧ ಕೆಲಸ, ಸಮಯಕ್ಕೆ ಹೇಳಿ ಕಳಿಸುವುದು ಇನ್ನರ್ಧ.

ಮುಳಬಾಗಿಲು ರಸ್ತೆಯ ಪಕ್ಕದ ಈ ಜಾಗದಲ್ಲಿ ಒಂದೇ ಒಂದು ನೆರಳು ಬಲೆ ಇದ್ದಾಗ ಎಲ್ಲವೂ ನನ್ನ ತಲೆಯಲ್ಲೇ ಇರುತ್ತಿತ್ತು. ಅದಕ್ಕೂ ಮುಂಚೆ ನಾನು ಟೇಕಲ್‌ನಿಂದ ಬೆಳಗಿನ ರೈಲಿನಲ್ಲಿ ಸೊಪ್ಪಿನ ಗಂಟು ಹೊತ್ತು ಮಾಲೂರಿನಲ್ಲಿ ಇಳಿದು ಮಾರುತ್ತಿದ್ದವಳು. ಯಾರಿಗೆ ಯಾವ ಸೊಪ್ಪು, ಯಾರು ಚೌಕಾಸಿ ಮಾಡುತ್ತಾರೆ, ಯಾರು ರೈಲು ಹಿಡಿಯುವ ಅವಸರದಲ್ಲಿ ಕೇಳಿದಷ್ಟು ಕೊಟ್ಟು ಹೋಗುತ್ತಾರೆ ಎಂಬುದೆಲ್ಲ ಮುಖ ನೋಡಿದರೆ ನೆನಪಾಗುತ್ತಿತ್ತು. ಬಲೆಗಳು ಹೆಚ್ಚಾಗಿ ಶ್ರೀನಿವಾಸಪುರದ ಕಡೆಯಿಂದಲೂ ಟೊಮೆಟೊ ಬೀಜ ಬರತೊಡಗಿದ ಮೇಲೆ ಆ ತಲೆ ಸಾಲಲಿಲ್ಲ.

ಕೋಲಾರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಒಬ್ಬರನ್ನು ಕೇಳಿದೆ. ರೈತರಿಗೆ ತಾನಾಗಿಯೇ ಮೆಸೇಜು ಹೋಗುವ ಹಾಗೆ ಮಾಡಿಕೊಡುತ್ತೇನೆಂದು ಒಂದು ದರ ಹೇಳಿದರು. ನಾನು ಹುಬ್ಬು ಏರಿಸಿದೆ ಅಷ್ಟೇ, ಬಾಯಿ ಬಿಡಲಿಲ್ಲ. ಅಷ್ಟಕ್ಕೇ ಅವರು ಅರ್ಧಕ್ಕೆ ಇಳಿದರು. ವ್ಯಾಪಾರಕ್ಕೆ ಹೊಸದಾಗಿ ಇಳಿಯುವವರಿಗೆ ಹೇಳುತ್ತೇನೆ, ಕೇಳದೆಯೇ ಅರ್ಧಕ್ಕೆ ಇಳಿಯುವವರ ಹತ್ತಿರ ಸಾಮಾನು ತೆಗೆದುಕೊಳ್ಳಬೇಡಿ. ಚಹಾ ಕುಡಿದು ಎದ್ದು ಬಂದೆ. ಒಂದು ಹಳೆಯ ಲ್ಯಾಪ್‌ಟಾಪ್ ಕೊಂಡೆ. ಕನ್ನಡದಲ್ಲೇ ಪ್ರೋಗ್ರಾಮಿಂಗ್ ಹೇಳಿಕೊಡುವ ವಿಡಿಯೊಗಳನ್ನು ಮಧ್ಯಾಹ್ನ ಕೆಲಸದವರು ಊಟಕ್ಕೆ ಕೂತಾಗ ನೋಡಿ ನೋಡಿ, ಬಹಳ ತಿಂಗಳ ಮೇಲೆ ನಾನೇ ಒಂದು ಪ್ರೋಗ್ರಾಂ ಬರೆದೆ. ರೈತರ ಫೋನ್ ನಂಬರು, ಹೆಸರು, ಬೆಳೆ, ಬೀಜ ಹಾಕಿದ ದಿನ ಇಷ್ಟನ್ನು ತುಂಬಿದರೆ ಸಸಿ ಯಾವತ್ತು ಸಿದ್ಧವಾಗುತ್ತದೆ ಎಂದು ಅದೇ ಲೆಕ್ಕ ಹಾಕಿ, ಆ ದಿನ ಬೆಳಿಗ್ಗೆ ಮೆಸೇಜು ಕಳಿಸಬೇಕು. ಮೊದಲನೆಯ ಮೆಸೇಜು ನನ್ನ ಫೋನಿಗೇ ಬಂದಾಗ ಟ್ರೇ ತೊಳೆಯುತ್ತಿದ್ದ ಹೆಂಗಸರಿಗೆಲ್ಲ ತೋರಿಸಿದೆ. “ನಿನ್ನ ಫೋನಿಗೆ ನೀನೇ ಮೆಸೇಜ್ ಹಾಕ್ಕೊಂಡು ಕುಣೀತೀಯಲ್ಲಕ್ಕಾ!” ಎಂದು ನಕ್ಕರು.

ಕುರುಡುಮಲೆ ಹತ್ತಿರದ ಹಳ್ಳಿಯ ಹೆಂಗಸೊಬ್ಬಳು ಮೆಣಸಿನಕಾಯಿ ಬೀಜ ತಂದದ್ದು ಆ ಹೊಸತರಲ್ಲೇ. ಮಾತಿನಲ್ಲಿ ಕನ್ನಡಕ್ಕಿಂತ ತೆಲುಗು ಒಂದು ಹೆಜ್ಜೆ ಮುಂದೆ. ಗಂಡ ಟೊಮೆಟೊ ಲಾರಿ ಓಡಿಸುತ್ತಾನೆ, ಹೊರಟರೆ ಯಾವ ರಾಜ್ಯದಲ್ಲಿದ್ದಾನೋ ತಿಳಿಯುವುದಿಲ್ಲ. ಜಮೀನನ್ನೆಲ್ಲ ನೋಡಿಕೊಳ್ಳುವವನು ಗಂಡನ ಅಣ್ಣ. ಬೋರ್‌ವೆಲ್ಲಿಗೆ ದಾಯಾದಿಗಳೆಲ್ಲ ಪಾಲುಗಾರರು, ಒಬ್ಬೊಬ್ಬರಿಗೂ ನೀರಿನ ಸರದಿ. ಒಮ್ಮೆ ತಪ್ಪಿದ ಸರದಿ ಸುತ್ತಿಕೊಂಡು ಬರುವಷ್ಟರಲ್ಲಿ ಟ್ರೇಯಲ್ಲಿದ್ದ ಸಸಿ ಬಲಿತುಬಿಡುತ್ತದೆ.

“ಅಕ್ಕಾ, ಗುಡ್ಡದ ಕೆಳಗಿನ ತುಂಡು ಇದೊಂದು ಬೆಳೆ ನಂದು ಅಂತ ಒಪ್ಕೊಂಡಿದಾರೆ,” ಎಂದಳು ಪೊಟ್ಟಣವನ್ನು ಕೈಯಲ್ಲೇ ಹಿಡಿದುಕೊಂಡು. “ನನ್ ಸರದಿ ದಿನ ನಾಟಿ ಆಗ್ಲೇಬೇಕು. ತಪ್ಪಿತೋ, ‘ನಿನ್ ಕೈಲಾಗಲ್ಲ ಬಿಡಮ್ಮಾ’ ಅಂತ ನಮ್ಮ ಭಾವ ಆ ತುಂಡನ್ನೂ ಅವರ ಟೊಮೆಟೊಗೆ ಸೇರಿಸ್ಕೊತಾರೆ. ಆಮೇಲೆ ನಾನು ಜೀವಮಾನವೆಲ್ಲ ಅವರ ಸಾಲಲ್ಲಿ ಹಣ್ಣು ಕೀಳೋಳೇ.”

“ನಿನ್ನ ಸರದಿಗೆ ಸರಿಯಾಗಿ ಸಸಿ ರೆಡಿ ಇರತ್ತೆ. ಅವತ್ತು ಕಂಪ್ಯೂಟರೇ ನಿಂಗೆ ಹೇಳತ್ತೆ ನೋಡು.”

“ಕಂಪ್ಯೂಟರಾ? ಅದು ತೆಲುಗಲ್ಲಿ ಹೇಳ್ತದಾ?”

“ನೀನು ಕೇಳಿದ್ರೆ ಹಾಡೂ ಹೇಳತ್ತೆ. ನಂಬರ್ ಹೇಳು ಮೊದ್ಲು.”

ಬಾಯಿಪಾಠವಿದ್ದ ನಂಬರನ್ನು ಗಡಗಡನೆ ಹೇಳಿದಳು. ಅವಳ ಸರದಿಯ ದಿನದಿಂದ ಹಿಂದಕ್ಕೆ ಎಣಿಸಿ ಬೀಜ ಹಾಕಿಸಿದೆ. ಕೆಲವು ದಿನಗಳ ಮೇಲೆ ಅವಳ ಭಾವನೂ ಟೊಮೆಟೊ ಬೀಜ ತಂದು ಕೊಟ್ಟು ಹೋದ. ಅದನ್ನೂ ಹಾಕಿಸಿ, ಪ್ರೋಗ್ರಾಮಿಗೂ ತುಂಬಿದೆ.

ಮೆಣಸು ಎರಡೆಲೆ ಬಿಟ್ಟಾಗ ಅವಳು ನೋಡಲು ಬಂದಳು. ಟ್ರೇಯ ಮೇಲೆ ಬಗ್ಗಿ, ಮುಟ್ಟದೆ, ಊದದೆ, ಹಾಲು ಕುಡಿಯುವ ಕೂಸನ್ನು ನೋಡುವ ಹಾಗೆ ನೋಡಿದಳು. “ನಂದು ಯಾವತ್ತು ಅಂತ ಅದರಲ್ಲಿ ತೋರ್ಸಕ್ಕಾ,” ಎಂದಳು. ನಾನು ಠೀವಿಯಿಂದ ಲ್ಯಾಪ್‌ಟಾಪ್ ಬಿಚ್ಚಿದೆ. ಅವಳ ಹೆಸರಿಲ್ಲ. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದರೂ ಇಲ್ಲ. ಅವಳಿಗೆ ಓದಲು ಅಷ್ಟಾಗಿ ಬಾರದು, ಆದರೆ ನನ್ನ ಮುಖ ಓದಿದಳು.

“ಇಲ್ವಾ?”

“ಇರತ್ತೆ ಇರು, ಎಲ್ಲೋ ಸೇರ್ಕೊಂಡಿದೆ,” ಎಂದು ಅವಳ ಎದುರಿಗೇ ಮತ್ತೊಮ್ಮೆ ತುಂಬಿದೆ. ಬಂತು. ಅವಳು ಪರದೆಯ ಮೇಲಿನ ತನ್ನ ಹೆಸರಿನ ಜಾಗವನ್ನು ಬೆರಳಿನಿಂದ ಗುರುತು ಮಾಡಿಕೊಂಡು ಹೋದಳು. ಮರುದಿನ ಬೇರೆ ಯಾವುದನ್ನೋ ಹುಡುಕುವಾಗ ನೋಡುತ್ತೇನೆ, ಅವಳ ಭಾವನ ಟೊಮೆಟೊ ಇಲ್ಲ!

ಇವರಿಬ್ಬರ ದಿನವನ್ನು ನೆನಪಿಟ್ಟುಕೊಳ್ಳುವುದು ನನಗೆ ಕಷ್ಟವಲ್ಲ. ಆದರೆ ಇದು ಇನ್ನು ಯಾರ ಯಾರನ್ನು ನುಂಗಿದೆಯೋ! ಹೆಸರು ಕಾಣೆಯಾದವರಿಗೆ ಮೆಸೇಜು ಹೋಗುವುದಿಲ್ಲ. ಮೆಸೇಜು ಹೋಗದವರು, ಅಕ್ಕ ಹೇಳಿ ಕಳಿಸುತ್ತಾಳೆ ಎಂದು ಮನೆಯಲ್ಲೇ ಕೂತಿರುತ್ತಾರೆ. ಅಂದಿನಿಂದ ಕುರುಡುಮಲೆ ಕಡೆಯ ಬಸ್ಸು ಕಂಡಾಗಲೆಲ್ಲ ನನಗೆ ಆ ಗುಡ್ಡದ ಕೆಳಗಿನ ತುಂಡೇ ನೆನಪಾಗುತ್ತಿತ್ತು.

ಕಲಿಯುವವರು ಕೇಳುವುದಕ್ಕೆ, ಬಲ್ಲವರು ಹೇಳುವುದಕ್ಕೆ ಎಂದೇ ಫೋನಿನಲ್ಲಿ ಗುಂಪುಗಳಿವೆ ಎಂದು ವಿಡಿಯೊದವರು ಹೇಳಿದ್ದರು. ಮೂರು ಗುಂಪಿಗೆ ಸೇರಿದೆ. ಮಂಡಿಯಲ್ಲಿ ಒಂದೇ ಅಂಗಡಿಯ ಮಾತು ಕೇಳಿ ಮಾಲು ಕೊಡುವವಳಲ್ಲ ನಾನು. ಮೂರರಲ್ಲೂ ಒಂದೇ ಸಾಲು ಹಾಕಿದೆ: “ನನ್ನ ಪ್ರೋಗ್ರಾಂ ಸರಿಯಾಗಿ ಕೆಲಸ ಮಾಡುತ್ತಿಲ್ಲ, ಅರ್ಜೆಂಟ್, ಯಾರಾದರೂ ಸಹಾಯ ಮಾಡಿ.”

ಯಾರೂ ಕಮಕ್ ಕಿಮಕ್ ಅನ್ನಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಬ್ಬರು ಕೇಳಿದರು: “ಏನು ಆಗ್ಬೇಕಿತ್ತು? ಏನು ಆಗ್ತಿದೆ? ಕೋಡ್ ಎಲ್ಲಿ?”

ವ್ಯಾಪಾರಕ್ಕೆ ಒಬ್ಬರು ಸಿಕ್ಕರೆಂದು ನನ್ನ ಕೈ ಚುರುಕಾಯಿತು. ಎದುರಿಗಿದ್ದವರಿಗೆ ನಮ್ಮ ಅಗತ್ಯ ಎಷ್ಟೆಂದು ತೋರಿಸಬಾರದು, ಇನ್ನೊಂದು ಕಡೆ ನಮಗೆ ಇನ್ನೂ ಅಗ್ಗಕ್ಕೆ ಸಿಗುತ್ತಿದೆ ಎಂದು ಅವರಿಗೆ ಅನ್ನಿಸಬೇಕು. ಸೊಪ್ಪು ಮಾರಿದಾಗಿನಿಂದ ನನಗೆ ಅನ್ನ ಕೊಟ್ಟ ವಿದ್ಯೆ ಅದು. “ಬೇರೆ ಗುಂಪಿನವರು ಕೋಡ್ ನೋಡದೇನೆ ಹತ್ತು ನಿಮಿಷದಲ್ಲಿ ಮಾಡಿಕೊಡ್ತೀವಿ ಅಂದಿದಾರೆ. ನಿಮಗೆಷ್ಟು ಹೊತ್ತಾಗತ್ತೆ?” ಎಂದು ಬರೆದೆ.

“ಯಾವ ಗುಂಪು ಅಕ್ಕಾ?”

ಹೆಸರು ಹೇಳಿದೆ.

“ಆ ಗುಂಪಲ್ಲೂ ನಾನೇ ಇರೋದು. ಮೂರನೇದರಲ್ಲೂ ನಾನೇ. ನಿಮಗೆ ಯಾರೂ ಏನೂ ಹೇಳಿಲ್ಲ.”

ಕೆಳಗೆ ಯಾರೋ ನಗುವ ಮುಖಗಳನ್ನು ಸಾಲಾಗಿ ಹಾಕಿದರು. ಇನ್ನೊಬ್ಬರು, “ಇಲ್ಲಿ ಯಾರೂ ಏನೂ ಮಾರ್ತಿಲ್ಲ ಮೇಡಂ, ಚೌಕಾಸಿ ಯಾಕೆ?” ಎಂದರು. ಆ ಮಾತು ನನಗೆ ನಾಟಿತು. ಕೊಡುವವರು ಬೆಲೆಯೇ ಹೇಳದಿದ್ದರೆ ಇಳಿಸುವುದು ಏನನ್ನು? ಬೇಜಾರಾಯಿತು, ಆದರೆ ಬೇಜಾರು ಮಾಡಿಕೊಂಡು ಎದ್ದು ಹೋಗುವುದು ಕೆಲಸವಿಲ್ಲದವರು ಮಾಡುವುದು. ಕೇಳಿದವರಿಗೇ ಮತ್ತೆ ಬರೆದೆ: “ತಪ್ಪು ತಿಳ್ಕೋಬೇಡ ತಮ್ಮಾ. ಕೋಡ್ ಕಳಿಸ್ತೀನಿ.”

ಕಳಿಸುವ ಮುಂಚೆ ಕೋಡನ್ನು ಒಮ್ಮೆ ನೋಡಿಕೊಂಡೆ. ಥೂ, ಅದರ ಅವತಾರವೇ! ಅಲ್ಲಲ್ಲಿ ಅರ್ಧಕ್ಕೆ ಬಿಟ್ಟ ಸಾಲು, ಕೆಲಸಕ್ಕೆ ಬಾರದ ತುಣುಕು. ಪರವೂರಿನವರ ಮುಂದೆ ಹೀಗೆ ಇಡುವುದೇ? ನಮ್ಮ ಕಡೆ ಟೊಮೆಟೊ ಮಂಡಿಗೆ ಹೋಗುವ ಮುಂಚೆ ಹೊಲದ ಬದುವಿನಲ್ಲಿ ರಾಶಿ ಸುರಿದು ಕೂತು ಆರಿಸುತ್ತೇವೆ. ಕೊಳೆತದ್ದು, ಬಿರಿದದ್ದು, ಹುಳು ಹತ್ತಿದ್ದು ಬದುವಿಗೇ ಬಿತ್ತು. ಒಳ್ಳೆಯದಷ್ಟೇ ಕ್ರೇಟಿಗೆ. ಕೈ ಅದಕ್ಕೆ ಪಳಗಿಬಿಟ್ಟಿದೆ. ಹಾಗೆಯೇ ಕೂತು ಕೋಡನ್ನು ಆರಿಸಿದೆ. ಒಡಕಲು ಸಾಲುಗಳನ್ನು ಕಿತ್ತೆ. ನನ್ನ ರೈತರ ಹೆಸರು, ನಂಬರನ್ನಂತೂ ಕಳಿಸುವ ಮಾತೇ ಇಲ್ಲ. ಅದು ಬೇರೆ ನರ್ಸರಿಯವರ ಕೈಗೆ ಸಿಕ್ಕರೆ ನನ್ನ ಕಥೆ ಮುಗಿಯಿತು. ಆ ಜಾಗಕ್ಕೆ ಅಂದವಾದ ಸುಳ್ಳು ಹೆಸರು, ಒಂದಾದ ಮೇಲೊಂದು ಸಾಲಾಗಿ ಬರುವ ಸುಳ್ಳು ನಂಬರು ಹಾಕಿದೆ. ಮೇಲಿನ ಪದರಕ್ಕೆ ಕೆಂಪು ಹಣ್ಣು ಜೋಡಿಸಿದ ಕ್ರೇಟಿನ ಹಾಗೆ ಕಾಣುತ್ತಿತ್ತು. ಕಳಿಸಿದೆ.

ಉತ್ತರ ಬಂತು: “ನನ್ ಹತ್ರ ಸರಿಯಾಗಿ ಓಡ್ತಿದೆ. ಎಲ್ಲ ಹೆಸರೂ ಬರ್ತಿದೆ.”

“ನನ್ನ ಹತ್ರ ಬರ್ತಿಲ್ಲ ತಮ್ಮಾ. ಒಬ್ಬರನ್ನ ಹಾಕಿದ್ರೆ ಇನ್ನೊಬ್ಬರು ಮಾಯ.”

“ನೀವು ಕಳಿಸಿದ್ದರಲ್ಲಿ ಯಾರೂ ಮಾಯ ಆಗ್ತಿಲ್ಲ.”

ಸಾಗ ಹಾಕುತ್ತಿದ್ದಾರೆ ಅನ್ನಿಸಿತು. ನಮ್ಮ ಲ್ಯಾಪ್‌ಟಾಪಿನದೇ ದೋಷವಿದ್ದರೂ ಇರಬಹುದು ಎಂದು ಅದನ್ನು ಆಫ್ ಮಾಡಿ, ಬಟ್ಟೆಯಲ್ಲಿ ಒರೆಸಿ, ಮತ್ತೆ ಹಚ್ಚಿದೆ. ಹಣೆಬರಹ ಬದಲಾಗಲಿಲ್ಲ. ಅವರಿಗೆ ಮತ್ತೆ ಬರೆದಾಗ, ಅಕ್ಷರದ ಬದಲು ಧ್ವನಿಯಲ್ಲಿ ಉತ್ತರ ಬಂತು. ಒತ್ತಿ ಕೇಳಿದರೆ ವಯಸ್ಸಾದ ಹೆಂಗಸಿನ ದನಿ.

“ನೋಡಮ್ಮಾ, ಮೊದಲನೇದಾಗಿ ನಾನು ತಮ್ಮ ಅಲ್ಲ. ಮೊಮ್ಮಕ್ಕಳಿದಾರೆ ನಂಗೆ. ಎರಡನೇದು, ನಿಮ್ಮ ಹತ್ರ ಇರೋದು ಬೇರೆ, ನಂಗೆ ಕಳಿಸ್ತಿರೋದು ಬೇರೆ. ಇದನ್ನ ನೀವು ಕ್ಲೀನ್ ಮಾಡಿದೀರ ತಾನೆ?”

ನಾನು ಅದನ್ನು ಇನ್ನೊಮ್ಮೆ ಒತ್ತಿ ಕೇಳಿದೆ. ಕೆಲಸದವಳೊಬ್ಬಳು, “ಯಾರಕ್ಕಾ ಅದು, ಬೈತಾವ್ರೆ?” ಎಂದಳು.

“ಬೈತಿಲ್ಲ ಕಣೇ, ಹಿಡಿದಿದಾರೆ.”

ಅವರಿಗೆ ಇದ್ದದ್ದನ್ನು ಹೇಳಿದೆ: “ಅಮ್ಮಾ, ನಾನು ನರ್ಸರಿ ಇಟ್ಟಿದೀನಿ. ರೈತರ ನಂಬರ್ ಹೊರಗೆ ಕೊಡೋಕಾಗಲ್ಲ. ಮತ್ತೆ ಕೋಡ್ ಬಹಳ ಗಲೀಜಾಗಿತ್ತು.”

“ನಂಬರ್ ಕೊಡಬೇಡಿ, ಕೊಡಲೂಬಾರದು. ಆದ್ರೆ ಸುಳ್ಳು ಹೇಳೋದಾದ್ರೂ ಅದೇ ಆಕಾರದಲ್ಲಿ ಹೇಳಿ. ನಿಮ್ಮಲ್ಲಿ ಒಂದು ಹೆಸರು ಎರಡು ಸಲ ಇದ್ರೆ, ಸುಳ್ಳು ಹೆಸರೂ ಎರಡು ಸಲ ಇರಲಿ. ಖಾಲಿ ಬಿಟ್ಟಿರೋದು ಖಾಲಿನೇ ಇರಲಿ. ಗಲೀಜನ್ನ ಹಾಗೇ ಕಳಿಸಿ. ನಮಗೆ ಬೇಕಾಗಿರೋದೇ ಅದು. ಜ್ವರ ಬಂದಾಗ ಸ್ನೋ ಪೌಡರ್ ಹಚ್ಕೊಂಡು ಡಾಕ್ಟರ್ ಹತ್ರ ಹೋಗ್ತೀರಾ?”

ಮತ್ತೆ ಕೂತೆ. ಈ ಸಲ ಏನನ್ನೂ ಕೀಳಲಿಲ್ಲ. ಒಂದೊಂದು ನಿಜವಾದ ನಂಬರಿಗೂ ಒಂದೊಂದು ಸುಳ್ಳು ನಂಬರು ಇಡುತ್ತ ಬಂದೆ. ಕಾಣೆಯಾಗಿದ್ದ ಭಾವನ ಟೊಮೆಟೊವನ್ನು ಮತ್ತೆ ತುಂಬುವುದು ಇನ್ನೂ ಬಾಕಿಯಿತ್ತು. ಅವನು ಕೊಟ್ಟಿದ್ದ ನಂಬರಿನ ಬದಲು ಸುಳ್ಳು ನಂಬರು ಹಾಕಲು ಹೋದಾಗ ಕೈ ನಿಂತಿತು. ಆ ನಂಬರಿಗೆ ಆಗಲೇ ಒಂದು ಸುಳ್ಳು ನಂಬರು ಇಟ್ಟಾಗಿತ್ತು, ಅವನ ತಮ್ಮನ ಹೆಂಡತಿಯ ಹೆಸರಿನಲ್ಲಿ. ಇಬ್ಬರೂ ಒಂದೇ ನಂಬರು ಕೊಟ್ಟಿದ್ದರು.

ನಾನು ಪ್ರೋಗ್ರಾಮಿನಲ್ಲಿ ಪ್ರತಿಯೊಬ್ಬರಿಗೂ ಅವರ ಫೋನ್ ನಂಬರನ್ನೇ ಗುರುತಾಗಿ ಇಟ್ಟಿದ್ದೆ. ಅದೇ ಗುರುತಿನ ಇನ್ನೊಬ್ಬರು ಬಂದರೆ, ಬಸ್ಸಿನ ಸೀಟಿನಲ್ಲಿ ಕೂತವರನ್ನು ಎಬ್ಬಿಸಿ ಹೊಸಬರನ್ನು ಕೂರಿಸಿದ ಹಾಗೆ, ಅದು ಮೊದಲಿನವರನ್ನು ತಳ್ಳಿಬಿಡುತ್ತಿತ್ತು. ನಮ್ಮ ಹಳ್ಳಿಗಳಲ್ಲಿ ಎಷ್ಟು ಮನೆಗೆ ಒಂದೇ ನಂಬರು! ಯಾರು ಬೀಜ ತಂದರೂ, ರೇಷನ್ನಿಗೆ ಹೋದರೂ, ಬಾಯಿಗೆ ಬರುವುದು ಮನೆಯ ಯಜಮಾನನ ನಂಬರೇ. ಕಂಡುಹಿಡಿದದ್ದನ್ನು ಗುಂಪಿನ ಆ ಅಮ್ಮನಿಗೆ ಬರೆದೆ. ಅವರಿಗೆ ಕಳಿಸಬೇಕಾಗಿದ್ದ ಕೋಡು ನನ್ನ ಹತ್ತಿರವೇ ಉಳಿಯಿತು.

“ಭೇಷ್. ಈಗ ಗುರುತು ಯಾವುದು ಇಡ್ತೀರಿ, ನೀವೇ ಹೇಳಿ. ನಿಮ್ಮಲ್ಲಿ ಎರಡು ಸಲ ಬರದೇ ಇರೋದು ಏನಿದೆ?”

ಯೋಚಿಸಬೇಕಾಗಲಿಲ್ಲ. ಒಬ್ಬ ರೈತನೇ ಮೂರು ಥರದ ಬೀಜ ತರುತ್ತಾನೆ ಎಂದು, ಬೀಜ ಹಾಕಿದ ಪ್ರತಿ ಸಾಲಿನ ಟ್ರೇಗೂ ನಾವು ಬೇರೆ ಬೇರೆ ನಂಬರಿನ ಕಡ್ಡಿ ಚುಚ್ಚುತ್ತೇವೆ. ಆ ಕಡ್ಡಿಯ ನಂಬರನ್ನೇ ಗುರುತು ಮಾಡಿದೆ. ಕಾಣೆಯಾಗಿದ್ದವರನ್ನೆಲ್ಲ ಬಲೆಯೊಳಗೆ ಓಡಾಡಿ ಕಡ್ಡಿ ನೋಡಿ ತುಂಬಿದೆ. ಪಟ್ಟಿಯಲ್ಲಿ ಈಗ ಭಾವನೂ ನಿಂತ, ಅವಳೂ ನಿಂತಳು.

ಖುಷಿಯಲ್ಲಿ ಅವಳಿಗೆ ಹೇಳೋಣವೆಂದು ಆ ನಂಬರಿಗೆ ಫೋನ್ ಮಾಡಿದೆ. ಎತ್ತಿಕೊಂಡವನು ಭಾವ.

“ಏನಕ್ಕಾ, ಟೊಮೆಟೊ ಚೆನ್ನಾಗೈತಾ?”

“ಚೆನ್ನಾಗಿದೆ. ನಿಮ್ಮ ತಮ್ಮನ ಹೆಂಡತಿಗೆ ಕೊಡಿ ಫೋನು.”

“ಅವಳು ಹಸು ಹತ್ರ ಅವಳೆ. ನಂಗೇ ಹೇಳಿ. ಆ ಮೆಣಸಿನಕಾಯಿ ವಿಷ್ಯಾನಾ? ಅದನ್ನೇನು ಅಷ್ಟು ತಲೆಗೆ ಹಚ್ಕೊತೀರಾ ಬಿಡಿ. ಆದ್ರೆ ಆಯ್ತು, ಇಲ್ದಿದ್ರೆ ಅದಕ್ಕೂ ಸೇರಿಸಿ ಟೊಮೆಟೊನೇ ಹಾಕಿಬಿಡೋದು. ನಿಮ್ಮಲ್ಲಿ ಹೆಚ್ಗೆ ಟ್ರೇ ಐತಾ?”

ಕೆಟ್ಟ ಮನುಷ್ಯನ ದನಿ ಅಲ್ಲ ಅದು. ಅವನ ಮನಸ್ಸಿನಲ್ಲಿ ಆ ತುಂಡಿಗೆ ಆಗಲೇ ಟೊಮೆಟೊ ಬಿದ್ದಿತ್ತು, ಅಷ್ಟೇ. ಫೋನ್ ಇಟ್ಟ ಮೇಲೆ ನನ್ನ ಖುಷಿ ಇಳಿಯಿತು. ಪ್ರೋಗ್ರಾಂ ಸರಿಯಾಯಿತು, ಸರಿಯಾದ ದಿನಕ್ಕೆ ಸರಿಯಾದ ಮೆಸೇಜು ಹೋಗುತ್ತದೆ. ಹೋಗಿ ಬೀಳುವುದು ಇವನ ಜೇಬಿಗೆ. ಇವನು ಬೇಕೆಂದೇ ಮುಚ್ಚಿಡಬೇಕಾಗಿಲ್ಲ. ಮರೆತರೂ ಸಾಕು, ಅವಳ ಸರದಿ ಹರಿದುಹೋಗುತ್ತದೆ.

ಮುಂದಿನ ಸಂತೆಗೆ ಬಂದಾಗ ಅವಳು ನರ್ಸರಿಗೂ ಬಂದಳು. ಕೂರಿಸಿಕೊಂಡು ಕೇಳಿದೆ.

“ನಿನ್ ಹತ್ರ ಫೋನಿಲ್ವಾ?”

“ಐತಕ್ಕಾ. ಮಗಳು ಕಾಲೇಜಿಗೆ ತಗೊಂಡು ಹೋಗ್ತಾಳೆ, ಕೋಲಾರಕ್ಕೆ. ಸಾಯಂಕಾಲ ನನ್ ಕೈಗೆ ಬರೋದು.”

“ಅಂದ್ರೆ ಫೋನು ನಿಂದೇ.”

“ಕೊಡ್ಸಿದ್ದು ನಂಗೆ.”

“ಮತ್ತೆ ಭಾವನ ನಂಬರ್ ಯಾಕೆ ಹೇಳ್ದೆ?”

“ಯಾರ್ ಕೇಳಿದ್ರೂ ಅದೇ ಹೇಳೋದಲ್ಲಕ್ಕಾ. ನಂಬರ್ ಅಂದ್ರೆ ಅದೇ.” ತನ್ನ ನಂಬರು ಅವಳಿಗೆ ಬಾಯಿಗೆ ಬರುತ್ತಿರಲಿಲ್ಲ. ಯಾರಿಗಾದರೂ ಕೊಟ್ಟಿದ್ದರೆ ತಾನೆ? ಮರುದಿನ ಮಗಳಿಂದ ಕಳಿಸಿಕೊಟ್ಟಳು.

ಇನ್ನೊಂದು ತೊಡಕಿತ್ತು. ನನ್ನ ಪ್ರೋಗ್ರಾಂ ಬೆಳಿಗ್ಗೆ ಮೆಸೇಜು ಕಳಿಸುತ್ತದೆ, ಆ ಹೊತ್ತಿಗೆ ಅವಳ ಫೋನು ಕೋಲಾರದ ಬಸ್ಸಿನಲ್ಲಿ ಮಗಳ ಚೀಲದೊಳಗಿರುತ್ತದೆ. ಈ ಸಲ ಗುಂಪಿನಲ್ಲಿ ಹೇಗೆ ಕೇಳಬೇಕೆಂದು ಗೊತ್ತಿತ್ತು. ಒಂದೇ ಗುಂಪಿನಲ್ಲಿ ಕೇಳಿದೆ. ಏನಾಗಬೇಕು ಎಂದು ಬರೆದೆ: ಕೆಲವರಿಗೆ ಮಾತ್ರ ಹಿಂದಿನ ದಿನ ಸಂಜೆ ಹೋಗಬೇಕು. ಏನು ಆಗುತ್ತಿದೆ ಎಂದು ಬರೆದೆ: ಎಲ್ಲರಿಗೂ ಬೆಳಿಗ್ಗೆಯೇ ಹೋಗುತ್ತಿದೆ. ನಾನು ಮಾಡಿ ನೋಡಿದ್ದನ್ನೂ, ಅದು ಕೆಟ್ಟದ್ದನ್ನೂ ಹಾಗೇ ಸುರಿದೆ, ಆರಿಸಲಿಲ್ಲ. ಹೊಸದಾಗಿ ಕಲಿಯುವವರಿಗೆ ನಾನು ಈಗ ಹೇಳುವುದು ಇಷ್ಟೇ. ಬಲ್ಲವರು ಪುಕ್ಕಟೆ ಕೊಡುವುದು ಅವರ ಹೊತ್ತನ್ನು. ಆ ಹೊತ್ತು ಉಳಿಸಿಕೊಡಿ, ಅದಕ್ಕಿಂತ ಒಳ್ಳೆಯ ವ್ಯಾಪಾರ ನಿಮಗೆ ಎಲ್ಲೂ ಕುದುರುವುದಿಲ್ಲ.

ಚಹಾ ಆರುವುದರೊಳಗೆ ಇಬ್ಬರು ಉತ್ತರ ಕೊಟ್ಟಿದ್ದರು. ಆ ಅಮ್ಮನವರೂ ಬರೆದಿದ್ದರು: “ಎರಡನೆಯವರು ಹೇಳಿದ್ದು ಸರಿ. ಎಲ್ಲರಿಗೂ ಸಂಜೆಯೇ ಕಳಿಸಿದ್ರೆ ಏನು ತೊಂದರೆ? ಬದಲಾಯಿಸೋದು ಒಂದೇ ಸಾಲು.” ಹೌದಲ್ಲ! ಸಂಜೆ ಹಾಲು ಹಾಕುವ ಹೊತ್ತಿಗೆ ಎಲ್ಲ ಮನೆಯ ಫೋನುಗಳೂ ಮನೆಗೆ ಬಂದಿರುತ್ತವೆ. ಹೊಲಕ್ಕೆ ಹೋದದ್ದು, ಮಾಲೂರಿನ ಫ್ಯಾಕ್ಟರಿಗೆ ಹೋದದ್ದು, ಕಾಲೇಜಿಗೆ ಹೋದದ್ದು, ಎಲ್ಲವೂ. ಆ ಒಂದು ಸಾಲು ಬದಲಾಯಿಸಿದೆ.

ಅವಳ ಸರದಿಯ ದಿನ ಬೆಳಿಗ್ಗೆ, ಟ್ರೇಗಳಿಗೆ ನೀರು ಚಿಮುಕಿಸಿ ಇನ್ನೂ ಬಲೆ ತೊಟ್ಟಿಕ್ಕುತ್ತಿರುವಾಗಲೇ ಅವಳು ಮಗಳ ಜೊತೆ ಬಂದಳು. ಮಗಳ ಬೆನ್ನಿಗೆ ಕಾಲೇಜಿನ ಚೀಲ. ಫೋನು ತಾಯಿಯ ಕೈಯಲ್ಲಿತ್ತು. ಸಸಿಗಳು ಗಿಡ್ಡವಾಗಿ, ಗಟ್ಟಿಯಾಗಿ, ಒಂದೇ ಎತ್ತರಕ್ಕೆ ನಿಂತಿದ್ದವು. ಒಂದನ್ನು ಎತ್ತಿ ಬೇರು ತೋರಿಸಿದೆ. ಅವಳು ಬೆರಳಲ್ಲಿ ಒತ್ತಿ ನೋಡಿ, “ಇನ್ನೊಂದು ಟ್ರೇ ಮೇಲೆ ಹಾಕಕ್ಕಾ, ಸತ್ತವಕ್ಕೆ ಬದಲಿಗೆ,” ಎಂದಳು. ಒಂದೂ ಸಾಯುವ ಮುಂಚೆಯೇ ಬದಲಿ ಕೇಳುವ ಹೆಂಗಸು! ಹಾಕಿದೆ.

ಅಷ್ಟರಲ್ಲಿ ಭಾವನ ಗಾಡಿಯೂ ಬಂತು, ಅವನ ಟೊಮೆಟೊಗೂ ಅದೇ ದಿನ ಕೂಡಿಬಂದಿತ್ತು. ಇಳಿದವನು ಇವಳನ್ನು ಕಂಡು ನಿಂತ.

“ನೀನ್ಯಾವಾಗ ಬಂದೆ? ನನ್ ಫೋನಿಗೆ ನಿಂದೇನೂ ಬರ್ಲಿಲ್ವಲ್ಲ?”

“ನನ್ ಫೋನಿಗೆ ಬಂತು ಭಾವಾ.”

ಅವನು ನನ್ನ ಕಡೆ ನೋಡಿದ. ನಾನು ಟ್ರೇ ಎಣಿಸುತ್ತಿದ್ದೆ. ಅವನು ಮೆಣಸಿನ ಸಸಿಗಳ ಹತ್ತಿರ ಬಂದು ಬಗ್ಗಿ ನೋಡಿದ. ರೈತ ಒಳ್ಳೆಯ ಸಸಿಯನ್ನು ಕಂಡರೆ ಯಾರದು ಎಂದು ಕೇಳುವ ಮುಂಚೆ ಒಮ್ಮೆ ನೋಡಿಯೇ ನೋಡುತ್ತಾನೆ.

“ಚೆನ್ನಾಗೇ ಬಂದವೆ,” ಎಂದ. “ನಿನ್ ಟ್ರೇನೂ ನನ್ ಗಾಡಿಗೇ ಹಾಕು. ಇನ್ನೊಂದು ಆಟೋ ಯಾಕೆ ಸುಮ್ನೆ?”

ಅವಳು ಯೋಚಿಸಿದಳು. ನಾನು ಬಾಯಿ ಹಾಕಬೇಕೆಂದಿದ್ದೆ, ತಡೆದುಕೊಂಡೆ.

“ಹಾಕ್ತೀನಿ ಭಾವಾ. ಆದ್ರೆ ನಿಮ್ದು ಮೊದ್ಲು ಏರ್ಲಿ, ನಂದು ಕೊನೆಗೆ. ಇಳಿಸೋವಾಗ ನಂದೇ ಮೊದ್ಲು ಇಳೀಬೇಕು. ಇವತ್ತು ನೀರು ನಂದು.”

ಅವನು ತಲೆಯ ಮೇಲಿನ ಟವೆಲ್ಲನ್ನು ತೆಗೆದು ಕೊಡವಿ ಮತ್ತೆ ಕಟ್ಟಿಕೊಂಡ. “ಆಯ್ತು ಬಾರಮ್ಮಾ, ಏರ್ಸು,” ಎಂದ.

ಟೊಮೆಟೊ ಒಳಕ್ಕೆ ಹೋಯಿತು. ಮೆಣಸು ಹಿಂದಿನ ಹಲಗೆಗೆ ಒತ್ತಿ ಕೂತಿತು. ಮಗಳು ಕಾಲೇಜಿನ ಬಸ್ಸಿಗೆ ಓಡುವ ಮುಂಚೆ ಫೋನಿಗೆ ಕೈ ಚಾಚಿದಳು.

“ಇವತ್ತೊಂದಿನ ನನ್ ಹತ್ರ ಇರ್ಲಿ ಕಣೇ,” ಎಂದು ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಟ್ರೇಗಳ ಪಕ್ಕದಲ್ಲೇ ಗಾಡಿಯ ಹಿಂದೆ ಹತ್ತಿ ಕೂತಳು.